ತೊಂದರೆಯಿರುವ ಹಳೆ ಕಾರು: ಕೊಳ್ಳುವುದೋ ಬಿಡುವುದೋ, ಹಂತ ಹಂತವಾಗಿ ನೋಡುವ ಬಗೆ

ಒಂದೂಮುಕ್ಕಾಲು ಲಕ್ಷ ಬಾಳುವ ಕಾರು ಒಂದು ಲಕ್ಷಕ್ಕೆ ಸಿಗುತ್ತಿದೆ ಎಂದರೆ, ಉಳಿದ ಎಪ್ಪತ್ತೈದು ಸಾವಿರ ಆ ಕಾರಿನೊಳಗೇ ಎಲ್ಲೋ ಅಡಗಿ ಕೂತಿದೆ. ಎಲ್ಲಿ ಕೂತಿದೆ, ಎಪ್ಪತ್ತೈದಕ್ಕೇ ನಿಲ್ಲುತ್ತದೋ ಅಥವಾ ಬೆಳೆಯುತ್ತಾ ಹೋಗುತ್ತದೋ ಎಂಬುದನ್ನು ದುಡ್ಡು ಕೊಡುವ ಮೊದಲೇ ಪತ್ತೆ ಮಾಡಬೇಕು.

12–15 ವರ್ಷ ಓಡಿದ ಕಾರಿನಲ್ಲಿ ದೋಷ ಇದ್ದೇ ಇರುತ್ತದೆ. ‘ಏನೂ ತೊಂದರೆ ಇಲ್ಲ ಸಾರ್’ ಎನ್ನುವವರ ಕಾರನ್ನೇ ಎರಡು ಸಲ ನೋಡಬೇಕು. ಆದರೆ ದೋಷಗಳಲ್ಲಿ ಎರಡು ಜಾತಿ. ಮೊದಲನೆಯದು ಲೆಕ್ಕಕ್ಕೆ ಸಿಗುವಂಥದ್ದು. ಕ್ಲಚ್ ಸವೆದಿದೆ, ಟೈರು ಬೋಳಾಗಿದೆ, ಶಾಕ್ ಅಬ್ಸಾರ್ಬರ್ ಎಣ್ಣೆ ಕಾರುತ್ತಿದೆ ಎಂದರೆ ಯಾವ ಗ್ಯಾರೇಜಿನವರೂ ಇಷ್ಟಾಗುತ್ತದೆ ಎಂದು ಹೇಳಬಲ್ಲರು, ಹೆಚ್ಚುಕಮ್ಮಿ ಅಷ್ಟರಲ್ಲೇ ಕೆಲಸ ಮುಗಿಯುತ್ತದೆ. ಎರಡನೆಯದು ಲೆಕ್ಕಕ್ಕೆ ಸಿಗದಂಥದ್ದು. ಬಾಡಿಯ ಬುಡಕ್ಕೆ ಹಿಡಿದ ತುಕ್ಕು, ಒಮ್ಮೆ ವಿಪರೀತ ಬಿಸಿಯಾಗಿ ನಿಂತುಹೋದ ಎಂಜಿನ್, ನೀರಲ್ಲಿ ಮುಳುಗಿದ ವೈರಿಂಗ್, ಒಡೆಯ ಸಿಗದ ಕಾಗದಪತ್ರ. ಇವುಗಳಿಗೆ ಯಾರೂ ಬೆಲೆ ಕಟ್ಟಲಾರರು, ಕಟ್ಟಿದರೂ ಅದು ಬರೀ ಊಹೆ. ಮೊದಲನೆಯ ಜಾತಿಯ ಹತ್ತು ದೋಷ ಇರುವ ಕಾರನ್ನು ಧೈರ್ಯವಾಗಿ ಕೊಳ್ಳಬಹುದು. ಎರಡನೆಯ ಜಾತಿಯದು ಒಂದೇ ಒಂದಿದ್ದರೂ ಕೈಮುಗಿದು ಬನ್ನಿ.

ಮುಂದಿನ ಹಂತಗಳನ್ನು ಖರ್ಚಿನ ಕ್ರಮದಲ್ಲಿ ಜೋಡಿಸಿದೆ: ಬಿಟ್ಟಿಯಾಗಿ ಗೊತ್ತಾಗುವುದು ಮೊದಲು, ಕಾಸು ಕೊಟ್ಟು ತಿಳಿಯಬೇಕಾದದ್ದು ಕೊನೆಗೆ.

ಹಂತ 1: ಈ ಕಾರು ನಿಮಗೆ ಏತಕ್ಕೆ?

ಮನೆಗೆ ಇರುವುದು ಇದೊಂದೇ ಗಾಡಿ, ದಿನಾ ಬೆಳಿಗ್ಗೆ ಎಂಟಕ್ಕೆ ಹೊರಡಲೇಬೇಕು ಎಂಬುವರಿಗೆ ರಿಪೇರಿ ಬಾಕಿಯಿರುವ ಕಾರು ಬೇಡ. ಇಂಥ ಕಾರು ಮೊದಲ ಎರಡು ತಿಂಗಳಲ್ಲಿ ಹಲವು ದಿನ ಗ್ಯಾರೇಜಿನಲ್ಲೇ ಇರುತ್ತದೆ. ಸ್ಕೂಟರೋ ಇನ್ನೊಂದು ಕಾರೋ ಇದ್ದು, ನಂಬಿಕೆಯ ಮೆಕ್ಯಾನಿಕ್ ಒಬ್ಬರು ಹತ್ತಿರದಲ್ಲಿದ್ದರೆ ಮಾತ್ರ ಮುಂದುವರಿಯಿರಿ.

ಮಾಡೆಲ್ ಯಾವುದು ಎಂಬುದೂ ಇಲ್ಲೇ ತೀರ್ಮಾನವಾಗಬೇಕು. ಆಲ್ಟೊ, ವ್ಯಾಗನ್ ಆರ್, ಸ್ವಿಫ್ಟ್, ಸ್ಯಾಂಟ್ರೊ, ಐ10ಗೆ ತಾಲ್ಲೂಕು ಕೇಂದ್ರದಲ್ಲೂ ಬಿಡಿಭಾಗ ಸಿಗುತ್ತದೆ. ಷೆವ್ರೊಲೆ 2017ರ ಕೊನೆಗೆ ಇಲ್ಲಿ ಮಾರಾಟ ನಿಲ್ಲಿಸಿತು, ಫೋರ್ಡ್ 2021ರಲ್ಲಿ ಉತ್ಪಾದನೆ ನಿಲ್ಲಿಸುವುದಾಗಿ ಹೇಳಿತು. ಅವುಗಳ ಫಿಲ್ಟರು, ಬ್ರೇಕ್ ಪ್ಯಾಡು ಸಿಗಬಹುದು, ಆದರೆ ಹೆಡ್‌ಲೈಟ್, ಬಂಪರ್, ಇಸಿಎಂ (ಎಂಜಿನ್ ನಡೆಸುವ ಕಂಪ್ಯೂಟರ್ ಪೆಟ್ಟಿಗೆ) ಬೇಕಾದಾಗ ಬೆಂಗಳೂರಿನ ಜೆ.ಸಿ. ರಸ್ತೆ ಅಲೆದು, ಅಲ್ಲಿ ಸಿಗದಿದ್ದರೆ ಶಿವಾಜಿನಗರದ ಗುಜರಿ ಹುಡುಕಬೇಕಾಗುತ್ತದೆ. ಕಾರು ಅಗ್ಗವಾಗಿರಲು ಅದೂ ಒಂದು ಕಾರಣ.

ಹಂತ 2: ಕಾರು ನೋಡಲು ಹೋಗುವ ಮುಂಚೆಯೇ ಕಾಗದ

ಗಾಡಿ ನಂಬರ್ ಕೇಳಿ ಪಡೆಯಿರಿ. ಕೊಡಲು ಹಿಂದೆಮುಂದೆ ನೋಡಿದರೆ ಮಾತು ಅಲ್ಲಿಗೇ ಮುಗಿಸಿ. ಪರಿವಾಹನ್ ಜಾಲತಾಣದಲ್ಲಿ ಅಥವಾ ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿದರೆ ನೋಂದಣಿ ದಿನಾಂಕ, ಎಷ್ಟನೆಯ ಮಾಲೀಕರು, ಆರ್‌ಸಿ ಎಲ್ಲಿಯವರೆಗೆ, ವಿಮೆ ಎಲ್ಲಿಯವರೆಗೆ, ಸಾಲದ ನಮೂದು ಉಂಟೇ, ಕಪ್ಪುಪಟ್ಟಿಯಲ್ಲಿದೆಯೇ ಎಂಬುದೆಲ್ಲ ಕಾಣುತ್ತದೆ. ಹಾಗೆಯೇ ಇ-ಚಲನ್ ಪುಟದಲ್ಲಿ ಬಾಕಿ ದಂಡ ನೋಡಿ. ಬೆಂಗಳೂರಿನ ಕಾರುಗಳಲ್ಲಿ ಸಿಗ್ನಲ್ ಕ್ಯಾಮೆರಾ ಹಾಕಿದ ದಂಡ ಮಾಲೀಕರಿಗೇ ಗೊತ್ತಿಲ್ಲದೆ ಗುಡ್ಡೆ ಬಿದ್ದಿರುತ್ತದೆ.

ಈಗ ತೂಕದ ವಿಷಯಗಳು.

ಆರ್‌ಸಿ ಅವಧಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷ ನವೀಕರಣ. 2011ರ ನವೆಂಬರಿನಲ್ಲಿ ನೋಂದಣಿಯಾದ ಕಾರಿನ ಆರ್‌ಸಿ 2026ರ ನವೆಂಬರಿಗೆ ಮುಗಿಯುತ್ತದೆ. ಅಂದರೆ ಆ ಖರ್ಚು, ಆರ್‌ಟಿಒದಲ್ಲಿ ಗಾಡಿ ತೋರಿಸುವ ಕೆಲಸ ಎಲ್ಲವೂ ನಿಮ್ಮ ತಲೆಗೆ. 2022ರ ಏಪ್ರಿಲಿನಿಂದ 15 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕ 5,000 ರೂಪಾಯಿ. 20 ವರ್ಷ ದಾಟಿದವಕ್ಕೆ 2025ರ ಆಗಸ್ಟಿನಲ್ಲಿ ಅದನ್ನು 10,000ಕ್ಕೆ ಏರಿಸಲಾಗಿದೆ. ಇದರ ಮೇಲೆ ರಾಜ್ಯದ ಹಸಿರು ತೆರಿಗೆ ಬೇರೆ. ಆರ್‌ಸಿ ಮುಗಿದು ಬಿದ್ದಿರುವ ಕಾರಾದರೆ ಕೇಂದ್ರದ ನಿಯಮದಂತೆ ತಡವಾದ ಪ್ರತಿ ತಿಂಗಳಿಗೆ 500 ರೂಪಾಯಿ ಸೇರುತ್ತದೆ: ಎರಡು ವರ್ಷ ಸುಮ್ಮನೆ ನಿಂತಿದ್ದರೆ ಅದೇ 12,000. ದೀಪ, ಬ್ರೇಕು, ಹೊಗೆ, ಅತಿಸುರಕ್ಷಿತ ನಂಬರ್ ಪ್ಲೇಟು ಸರಿಯಿಲ್ಲದಿದ್ದರೆ ನವೀಕರಣವೇ ಆಗುವುದಿಲ್ಲ. ಹೀಗಾಗಿ 14 ವರ್ಷ ತುಂಬಿದ ಕಾರಿಗೆ ಚೌಕಾಸಿಯ ಜಾಗ ಹೆಚ್ಚು. ನವೀಕರಣ ಈಗಷ್ಟೇ ಆಗಿರುವ ಕಾರಿಗೆ ಒಂದಿಷ್ಟು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಸಾಲ. ಪರಿವಾಹನ್‌ನಲ್ಲಿ ಬ್ಯಾಂಕಿನ ಹೆಸರು ಕಂಡರೆ, ‘ಸಾಲ ತೀರಿ ಐದು ವರ್ಷವಾಯ್ತು’ ಎಂಬ ಮಾತು ಸಾಲದು. ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ಮತ್ತು ಸಾಲದ ನಮೂದು ತೆಗೆಸುವ ಫಾರಂ 35 ಕೈಯಲ್ಲಿರಬೇಕು. ಇನ್ನೂ ಒಳ್ಳೆಯದೆಂದರೆ ಮಾರುವವರೇ ಆ ನಮೂದು ತೆಗೆಸಿ ಕೊಡುವುದು. ಬ್ಯಾಂಕು ಇನ್ನೊಂದರಲ್ಲಿ ವಿಲೀನವಾಗಿದ್ದರೆ, ಫೈನಾನ್ಸ್ ಕಂಪನಿಯೇ ಮುಚ್ಚಿದ್ದರೆ ಈ ಒಂದು ಕಾಗದಕ್ಕೆ ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ.

ಒಡೆಯ ಯಾರು. ಲೆಕ್ಕಕ್ಕೆ ಸಿಗದ ದೋಷ ಹೆಚ್ಚಾಗಿ ಹುಟ್ಟುವುದು ಇಲ್ಲೇ. ಆರ್‌ಸಿಯಲ್ಲಿ ಒಬ್ಬರ ಹೆಸರು, ಮಾರುತ್ತಿರುವವರು ಇನ್ನೊಬ್ಬರು, ನಡುವೆ ಸಹಿ ಹಾಕಿದ ಖಾಲಿ ಫಾರಂ 29, 30 (ಮಾಲೀಕತ್ವ ವರ್ಗಾವಣೆಯ ಅರ್ಜಿಗಳು). ಮಧ್ಯವರ್ತಿ ತನ್ನ ಹೆಸರಿಗೆ ಮಾಡಿಸಿಕೊಳ್ಳದೆ ಕೈ ದಾಟಿಸುತ್ತಿದ್ದಾರೆ ಎಂದರ್ಥ. ಈಗ ವರ್ಗಾವಣೆಗೆ ಮಾಲೀಕರ ಮೊಬೈಲಿಗೆ ಒಟಿಪಿ ಬರುತ್ತದೆ. ಆ ಮಾಲೀಕರು ಊರು ಬಿಟ್ಟಿದ್ದರೆ, ನಂಬರ್ ಬದಲಿಸಿದ್ದರೆ ಕಾರು ಎಂದಿಗೂ ನಿಮ್ಮದಾಗದು. ಆರ್‌ಸಿಯಲ್ಲಿರುವ ವ್ಯಕ್ತಿಯ ಜೊತೆ ನೀವೇ ಮಾತಾಡುವವರೆಗೆ ಒಂದು ರೂಪಾಯಿಯೂ ಕೊಡಬೇಡಿ. ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರು ಮೊದಲು ಫಾರಂ 31ರಲ್ಲಿ ತಮ್ಮ ಹೆಸರಿಗೆ ಮಾಡಿಸಿಕೊಳ್ಳಲಿ, ಆಮೇಲೆ ವ್ಯಾಪಾರ.

ಹೊರರಾಜ್ಯದ ಬೋರ್ಡು. ದೆಹಲಿ ಸುತ್ತಮುತ್ತ 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಕಾರುಗಳಿಗೆ ಬಂದ ನಿರ್ಬಂಧದಿಂದ ಅಲ್ಲಿಯ ಕಾರುಗಳು ಅಗ್ಗವಾಗಿ ದಕ್ಷಿಣಕ್ಕೆ ಹರಿದು ಬಂದಿವೆ. ಕೆಎ ನಂಬರ್ ಪಡೆಯಲು ಆ ರಾಜ್ಯದ ಎನ್‌ಒಸಿ ಬೇಕು, ಕಾರಿನ ವಯಸ್ಸಿಗೆ ತಕ್ಕಂತೆ ಇಲ್ಲಿನ ಆಜೀವ ತೆರಿಗೆ ಕಟ್ಟಬೇಕು. ನೀವು ನೋಂದಾಯಿಸುವ ಆರ್‌ಟಿಒದಲ್ಲಿ ಆ ಮೊತ್ತ ಕೇಳಿಕೊಂಡು, ಕಾರಿನ ಬೆಲೆಗೆ ಕೂಡಿಸಿ ನೋಡಿ. ಅಗ್ಗ ಅನ್ನಿಸಿದ್ದು ಎಷ್ಟೋ ಸಲ ಇಲ್ಲಿಗೇ ಕರಗುತ್ತದೆ.

ಹಳದಿ ಬೋರ್ಡಿನಿಂದ ಬಿಳಿಗೆ ಬದಲಾಗಿದ್ದರೆ ಅದು ಟ್ಯಾಕ್ಸಿಯಾಗಿತ್ತು, ಮೀಟರು ತೋರಿಸುವ ಕಿಲೋಮೀಟರು ನಂಬಬೇಡಿ. ಎಲ್‌ಪಿಜಿ, ಸಿಎನ್‌ಜಿ ಕಿಟ್ ಇದ್ದರೆ ಆರ್‌ಸಿಯಲ್ಲಿ ನಮೂದಾಗಿರಬೇಕು. ಸಿಎನ್‌ಜಿ ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಒತ್ತಡ ಪರೀಕ್ಷೆ ಆಗಿರಬೇಕು.

ಹಂತ 3: ಹಗಲು ಹೊತ್ತಲ್ಲಿ, ತೊಳೆಯದ ಕಾರಿನ ಬಾಡಿ

ಸಂಜೆ ಬೆಳಕಿನಲ್ಲಿ, ಮಳೆಯಲ್ಲಿ, ಬೇಸ್‌ಮೆಂಟಿನಲ್ಲಿ ಕಾರು ನೋಡಬೇಡಿ. ಒದ್ದೆ ಬಣ್ಣ ಎಲ್ಲ ಕಲೆಗಳನ್ನೂ ಮುಚ್ಚುತ್ತದೆ. ಜೊತೆಗೆ ಒಯ್ಯಬೇಕಾದದ್ದು ಒಂದು ಟಾರ್ಚು, ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ, ಒಂದು ಸ್ಕ್ರೂಡ್ರೈವರು, ನೆಲಕ್ಕೆ ಹಾಸಲು ಹಳೆ ಪೇಪರು.

ಮೊದಲು ಚಾಸಿ ನಂಬರ್. ಸಾಮಾನ್ಯವಾಗಿ ಬಾನೆಟ್ ಒಳಗೆ, ಎಂಜಿನ್ ಹಿಂದಿನ ತಗಡಿನ ಮೇಲೆ ಕೊರೆದಿರುತ್ತದೆ. ಅದನ್ನು ಆರ್‌ಸಿ ಜೊತೆ ಅಕ್ಷರ ಅಕ್ಷರವಾಗಿ ಹೋಲಿಸಿ. ಮಾರುತಿ ಕಾರಿನದು ಎಂಎ3 ಎಂದು, ಹ್ಯುಂಡೈನದು ಎಂಎಎಲ್ ಎಂದು, ಟಾಟಾದ್ದು ಎಂಎಟಿ ಎಂದು ಶುರುವಾಗುತ್ತದೆ. ಅಂಕಿಗಳ ಸುತ್ತ ವೆಲ್ಡಿಂಗ್ ಗುರುತು, ಉಜ್ಜಿದ ಗುರುತು ಇದ್ದರೆ ಆ ಕಾರಿನ ಕಡೆ ಮತ್ತೆ ತಿರುಗಿ ನೋಡಬೇಡಿ.

ಅಪಘಾತದ ಗುರುತು ಹುಡುಕಬೇಕಾದ ಜಾಗ ಬಂಪರ್ ಅಲ್ಲ, ಅದರ ಹಿಂದಿನ ತಗಡು. ಬಾನೆಟ್ ಎತ್ತಿ ಎಡಬಲದ ಅಪ್ರಾನ್, ಅಂದರೆ ಎಂಜಿನ್ನಿನ ಅಕ್ಕಪಕ್ಕದ ಒಳತಗಡು, ನೋಡಿ. ಕಂಪನಿಯ ಸ್ಪಾಟ್ ವೆಲ್ಡಿಂಗ್ ಒಂದೇ ಅಂತರದಲ್ಲಿ, ಒಂದೇ ಗಾತ್ರದ ಗುಳಿಗಳಾಗಿ ಸಾಲಾಗಿರುತ್ತದೆ. ಗ್ಯಾರೇಜಿನಲ್ಲಿ ಬೆಸೆದದ್ದು ವಕ್ರವಾಗಿ, ಮೇಲೆ ದಪ್ಪ ಸೀಲೆಂಟ್ ಬಳಿದುಕೊಂಡು ಇರುತ್ತದೆ. ಬಾಗಿಲಿನ ರಬ್ಬರ್ ಬೀಡಿಂಗ್ ಸ್ವಲ್ಪ ಎಳೆದು ಚಾವಣಿ ಹೊತ್ತ ಪಿಲ್ಲರಿನಲ್ಲೂ, ಸ್ಟೆಪ್ನಿ ಎತ್ತಿ ಡಿಕ್ಕಿಯ ತಳದಲ್ಲೂ ಇದನ್ನೇ ನೋಡಿ. ಮುಂದಿನ ಚಕ್ರದ ಮೇಲಿನ ಹೊರತಗಡಾದ ಫೆಂಡರಿನ ಬೋಲ್ಟುಗಳ ಬಣ್ಣ ಎದ್ದಿದ್ದರೆ ಫೆಂಡರ್ ಬಿಚ್ಚಿದ್ದಾರೆ. ಅದೊಂದೇ ಆದರೆ ಪರವಾಗಿಲ್ಲ, ಹನ್ನೆರಡು ವರ್ಷದಲ್ಲಿ ಫೆಂಡರ್ ಬದಲಿಸದ ಕಾರೇ ಅಪರೂಪ. ಅಪ್ರಾನ್ ಅಥವಾ ಪಿಲ್ಲರ್ ಕತ್ತರಿಸಿ ಬೆಸೆದಿದ್ದರೆ ಮಾತ್ರ ಬಿಡಿ. ಆ ಕಾರು ನೇರ ಓಡುವುದೂ ಕಷ್ಟ, ಇನ್ನೊಂದು ಅಪಘಾತದಲ್ಲಿ ಒಳಗಿರುವವರನ್ನು ಕಾಯುವುದೂ ಕಷ್ಟ.

ಬಾಗಿಲು, ಹಿಂಬದಿಯ ಕ್ವಾರ್ಟರ್ ಪ್ಯಾನೆಲ್ (ಹಿಂದಿನ ಚಕ್ರದ ಮೇಲಿನ ತಗಡು) ಮೇಲೆ ಅಯಸ್ಕಾಂತ ಆಡಿಸಿ. ಹಿಡಿಯದೆ ಜಾರಿದ ಕಡೆ ಒಳಗೆ ಪುಟ್ಟಿ ಇದೆ. ಗಾಜುಗಳ ಮೂಲೆಯ ಗುರುತಿನಲ್ಲಿ ಕಂಪನಿ ಹೆಸರು, ವರ್ಷದ ಸಂಕೇತ ಇರುತ್ತದೆ. ಐದು ಒಂದೇ ತರಹ ಇದ್ದು ಆರನೆಯದು ಬೇರೆಯಾಗಿದ್ದರೆ ಆ ಬದಿಗೆ ಏಟು ಬಿದ್ದಿತ್ತೇ ಎಂದು ಕೇಳಿ.

ತುಕ್ಕಿಗೆ ಸ್ವಲ್ಪ ಹೆಚ್ಚು ಹೊತ್ತು ಕೊಡಿ. ಬಾಗಿಲಿನ ಅಂಚು, ಬಾನೆಟ್ ತುದಿಯ ತುಕ್ಕು ಬರೀ ಅಂದದ ವಿಷಯ. ಅಪಾಯ ಇರುವುದು ಭಾರ ಹೊರುವ ಕಡೆ: ಜಾಕ್ ಕೊಡುವ ಜಾಗ, ಬಾಗಿಲ ಕೆಳಗಿನ ಉದ್ದ ತಗಡು, ಮುಂದಿನ ಶಾಕ್ ಅಬ್ಸಾರ್ಬರ್ ಮೇಲ್ತುದಿ ಕೂರುವ ಬಟ್ಟಲು, ಹಿಂದಿನ ಆಕ್ಸಲ್ ಹಿಡಿದಿರುವ ಬ್ರಾಕೆಟ್. ಪೇಪರ್ ಹಾಸಿ ಮಲಗಿ, ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಟಣ್ ಎಂದರೆ ಸರಿ. ಡಬ್ ಎಂದರೆ, ಹಾಳೆ ಉದುರಿದಂತೆ ತುಕ್ಕು ಬಿದ್ದರೆ, ಅಲ್ಲಿ ತಗಡು ಉಳಿದಿಲ್ಲ. ಮಂಗಳೂರು, ಉಡುಪಿ, ಕಾರವಾರದ ಕಡಲ ಗಾಳಿಯಲ್ಲಿ ಬೆಳೆದ ಕಾರು ಮೇಲೆ ಥಳಥಳ ಹೊಳೆಯುತ್ತಾ ಅಡಿಯಲ್ಲಿ ಜರಡಿಯಾಗಿರುವುದು ಹೊಸದೇನಲ್ಲ. ಅದೇ ವಯಸ್ಸಿನ ಚಿತ್ರದುರ್ಗದ, ರಾಯಚೂರಿನ ಕಾರಿನ ಬಣ್ಣ ಬಿಸಿಲಿಗೆ ಮಾಸಿದ್ದರೂ ತಳ ಗಟ್ಟಿಯಾಗಿರುತ್ತದೆ. ಮಾರುವ ಮುಂಚೆ ಅಡಿಗೆ ಹೊಸದಾಗಿ ಕಪ್ಪು ಕೋಟಿಂಗ್ ಹೊಡೆಸಿದ್ದರೆ ಸಂತೋಷಪಡಬೇಡಿ, ತಟ್ಟಿ ನೋಡಿ.

ಹಂತ 4: ನೀರು ಕುಡಿದ ಕಾರೇ?

2018ರಲ್ಲಿ ಕೊಡಗು ಮತ್ತು ಕೇರಳ, 2019ರಲ್ಲಿ ಬೆಳಗಾವಿ–ಬಾಗಲಕೋಟೆ ಕಡೆ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು–ಯಮಲೂರು ಸುತ್ತ ನೆರೆ ಬಂತು. ಮುಳುಗಿದ ಕಾರುಗಳನ್ನು ತೊಳೆದು, ಸೀಟ್ ಕವರ್ ಬದಲಿಸಿ ಮಾರುವುದುಂಟು. ಎಂಜಿನ್ ಸರಿಯಾಗಬಹುದು, ವೈರಿಂಗ್ ಆಗುವುದಿಲ್ಲ. ಕನೆಕ್ಟರುಗಳ ಒಳಗೆ ಹಸಿರು ಕಿಲುಬು ನಿಧಾನಕ್ಕೆ ಬೆಳೆದು, ಇವತ್ತು ಪವರ್ ವಿಂಡೋ, ನಾಳೆ ಫ್ಯೂಯೆಲ್ ಪಂಪ್ ಎಂದು ವರ್ಷಗಟ್ಟಲೆ ಕಾಡುತ್ತದೆ.

ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ತೊಳೆಯುವವರು ಅಲ್ಲಿಯವರೆಗೆ ಹೋಗಿರುವುದಿಲ್ಲ, ಕೆಸರಿನ ಗೆರೆ ಉಳಿದಿರುತ್ತದೆ. ಸೀಟು ಹಿಂದೆ ತಳ್ಳಿ ಹಳಿಯ ತುಕ್ಕು ನೋಡಿ, ಕಾರ್ಪೆಟ್ ಮೂಲೆ ಎತ್ತಿ ಮೂಸಿ, ಫ್ಯೂಸ್ ಪೆಟ್ಟಿಗೆ ತೆರೆದು ಸಂದಿಗಳಲ್ಲಿ ನುಣುಪು ಮಣ್ಣು ಇದೆಯೇ ನೋಡಿ. ಕಾರಿನೊಳಗೆ ಸುಗಂಧದ ಘಾಟು ಅತಿಯಾಗಿದ್ದರೆ ಎಲ್ಲ ಗಾಜು ಏರಿಸಿ, ಎಸಿ ಹಾಕದೆ ಹತ್ತು ನಿಮಿಷ ಬಿಸಿಲಲ್ಲಿ ಕೂತುಬಿಡಿ. ಮುಗ್ಗಲು ವಾಸನೆ ತಾನಾಗಿ ಹೊರಬರುತ್ತದೆ.

ಹಂತ 5: ತಣ್ಣನೆಯ ಎಂಜಿನ್

ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಎಂದು ಹಿಂದಿನ ದಿನವೇ ಹೇಳಿರಿ. ಹೋದೊಡನೆ ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ, ತಣ್ಣಗಿದ್ದಾಗ ಕಾಣುವ ಯಾವುದೋ ರೋಗವನ್ನು ಮುಚ್ಚಿಟ್ಟಿರಬಹುದು. ಇನ್ನೊಂದು ದಿನ ಬೆಳಿಗ್ಗೆ ಬನ್ನಿ.

ಸ್ಟಾರ್ಟ್ ಮಾಡುವ ಮೊದಲು ರೇಡಿಯೇಟರ್ ಮುಚ್ಚಳ ತೆಗೆಯಿರಿ. ಎಂಜಿನ್ ಪೂರ್ತಿ ತಣ್ಣಗಿದ್ದಾಗ ಮಾತ್ರ, ಬಿಸಿಯಿದ್ದಾಗ ತೆಗೆದರೆ ಕುದಿನೀರು ಮುಖಕ್ಕೆ ಹಾರುತ್ತದೆ. ಹಸಿರೋ ಕೆಂಪೋ ನೀಲಿಯೋ ಬಣ್ಣದ ಕೂಲೆಂಟ್ (ಎಂಜಿನ್ ತಂಪಾಗಿಡುವ ದ್ರವ) ಇರಬೇಕು. ಬರೀ ಕೆಂಪುಮಣ್ಣಿನ ನೀರಿದ್ದರೆ ವರ್ಷಗಳಿಂದ ನಲ್ಲಿ ನೀರನ್ನೇ ಹಾಕಿದ್ದಾರೆ, ಒಳಗೆಲ್ಲ ತುಕ್ಕು. ಎಣ್ಣೆ ತೇಲುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವಿನ ಸೀಲು) ಹೋಗಿರಬಹುದು. ಎಂಜಿನ್ ಆಯಿಲ್ ಮುಚ್ಚಳದ ಅಡಿಯಲ್ಲಿ ಬಿಳಿ ಕೆನೆ ಕಂಡರೂ ಅದೇ ಅನುಮಾನ. ಆದರೆ ಮಲೆನಾಡಿನ ಮಳೆಗಾಲದಲ್ಲಿ ದಿನಾ ಎರಡು ಕಿಲೋಮೀಟರ್ ಮಾತ್ರ ಓಡುವ ಕಾರಿನಲ್ಲಿ ತೇವದಿಂದಲೂ ಅಲ್ಲಿ ಕೆನೆ ಕಟ್ಟುತ್ತದೆ. ಎಂಜಿನ್ ಆಯಿಲ್ ಅಳೆಯುವ ಡಿಪ್‌ಸ್ಟಿಕ್ಕಿನ ಎಣ್ಣೆ ಶುದ್ಧವಾಗಿದ್ದು, ಕೂಲೆಂಟ್ ಕಡಿಮೆಯಾಗದೆ ಇದ್ದರೆ ಹೆದರಬೇಕಿಲ್ಲ.

ಕೀಲಿ ತಿರುಗಿಸಿ, ಸ್ಟಾರ್ಟ್ ಮಾಡದೆ ಮೀಟರ್ ಬೋರ್ಡು ನೋಡಿ. ಚೆಕ್ ಎಂಜಿನ್, ಆಯಿಲ್, ಬ್ಯಾಟರಿ, ಏರ್‌ಬ್ಯಾಗ್ ಇದ್ದರೆ ಅದರದ್ದು, ಎಲ್ಲ ದೀಪ ಹೊತ್ತಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಆರದ ದೀಪಕ್ಕಿಂತ ಹೊತ್ತದೇ ಇರುವ ದೀಪ ಕೆಟ್ಟದ್ದು. ಬಲ್ಬು ಕಿತ್ತಿರುತ್ತಾರೆ.

ಈಗ ಸ್ಟಾರ್ಟ್ ಮಾಡಿಸಿ, ನೀವು ಸೈಲೆನ್ಸರ್ ಹಿಂದೆ ನಿಲ್ಲಿ. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಸ್ಟಾರ್ಟಿನಲ್ಲಿ ಒಮ್ಮೆ ಬಂದು ನಿಂತರೆ ವಾಲ್ವ್ ಸೀಲ್, ಅದು ಲೆಕ್ಕಕ್ಕೆ ಸಿಗುವ ಕೆಲಸ. ಓಡುವಾಗ ಆಕ್ಸಿಲೇಟರ್ ಒತ್ತಿದಷ್ಟೂ ಬರುತ್ತಿದ್ದರೆ ಪಿಸ್ಟನ್ ರಿಂಗ್, ಬೋರ್ ಸವೆದಿದೆ. ಎಂಜಿನ್ ಬಿಚ್ಚಿದ ಮೇಲೆ ಬಿಲ್ಲು ಎಲ್ಲಿಗೆ ಹೋಗುತ್ತದೋ ಹೇಳಲಾಗದು. ಚಳಿಯಲ್ಲಿ ತೆಳು ಬಿಳಿ ಹಬೆ ಸಹಜ. ಎಂಜಿನ್ ಬಿಸಿಯಾದ ಮೇಲೂ ಸಿಹಿ ವಾಸನೆಯ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಉರಿಯುತ್ತಿದೆ. ಡೀಸೆಲ್ ಕಾರಿನ ಕಪ್ಪು ಹೊಗೆಗೆ ಕೊಳೆ ಏರ್ ಫಿಲ್ಟರಿನಿಂದ ಇಂಜೆಕ್ಟರಿನವರೆಗೆ ಕಾರಣ ಏನೂ ಇರಬಹುದು, ಅದನ್ನು ಗ್ಯಾರೇಜಿಗೆ ಬಿಡಿ.

ಐಡ್ಲಿಂಗಿನಲ್ಲಿ, ಅಂದರೆ ಕಾರು ನಿಂತೇ ಎಂಜಿನ್ ಓಡುತ್ತಿರುವಾಗ, ಆಯಿಲ್ ಮುಚ್ಚಳ ತೆಗೆದು ಅಂಗೈ ಹತ್ತಿರ ಹಿಡಿಯಿರಿ. ಸಣ್ಣಗೆ ಉಸಿರಾಡಿದಂತೆ ಇದ್ದರೆ ಸರಿ. ರೈಲು ಬಿಟ್ಟಂತೆ ಹೊಗೆ ತಳ್ಳುತ್ತಿದ್ದರೆ, ಎಣ್ಣೆ ಚಿಮ್ಮುತ್ತಿದ್ದರೆ ರಿಂಗ್ ಸವೆದಿದೆ.

ಎಂಜಿನ್ನಿನ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚಿಸುವುದು ಟೈಮಿಂಗ್ ಬೆಲ್ಟೋ ಚೈನೋ ತಿಳಿದುಕೊಳ್ಳಿ. ಹಳೆಯ ಆಲ್ಟೊದ 796 ಸಿಸಿ, ಸ್ಯಾಂಟ್ರೊ ಕ್ಸಿಂಗ್, 1.1 ಲೀಟರಿನ ಐ10, ಇಂಡಿಕಾ ಡೀಸೆಲ್ ಇವೆಲ್ಲ ಬೆಲ್ಟಿನವು. ಬದಲಿಸಿದ ಬಿಲ್ಲು ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ಲೆಕ್ಕ ಹಾಕಿ. ಓಡುವಾಗ ಹರಿದರೆ ವಾಲ್ವು ಬಾಗಿ ಹೆಡ್ ಕೆಲಸವೇ ಬರಬಹುದು. ವ್ಯಾಗನ್ ಆರ್‌ನ 998 ಸಿಸಿ ಕೆ10, ಸ್ವಿಫ್ಟ್ ಡೀಸೆಲ್‌ನ 1248 ಸಿಸಿ ಎಂಜಿನ್ ಚೈನಿನವು. ಈ ಡೀಸೆಲ್ ಎಂಜಿನನ್ನೇ ರಿಟ್ಜ್, ಡಿಜೈರ್, ಪುಂಟೊ, ಇಂಡಿಕಾ ವಿಸ್ಟಾಗೂ ಹಾಕಿದ್ದರು. ಆಯಿಲ್ ಬದಲಿಸುವುದು ತಡವಾದಷ್ಟೂ ಚೈನು, ಟೆನ್ಷನರ್ ಬೇಗ ಸವೆಯುತ್ತವೆ. ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಕೆಲವು ಸೆಕೆಂಡು ಸರಪಳಿ ಕುಲುಕಿದಂಥ ಗಲಗಲ ಕೇಳಿದರೆ ಅದೇ. ತಣ್ಣಗಿರುವಾಗ ನೋಡಿ ಎಂದದ್ದಕ್ಕೆ ಇದೂ ಒಂದು ಕಾರಣ.

ಹಂತ 6: ಮುಕ್ಕಾಲು ಗಂಟೆ ಓಡಿಸಿ

ಬೀದಿಯ ತುದಿಯವರೆಗೆ ಹೋಗಿ ಬಂದರೆ ಏನೂ ತಿಳಿಯದು. ಹಂಪುಗಳಿರುವ ಕೆಟ್ಟ ರಸ್ತೆ, ಒಂದು ಏರು, 80ರ ವೇಗಕ್ಕೆ ಜಾಗವಿರುವ ಹೆದ್ದಾರಿ, ಕೊನೆಗೆ ಟ್ರಾಫಿಕ್ಕು. ರೇಡಿಯೊ ಬಂದ್, ಗಾಜು ಇಳಿಸಿ.

ಏರಿನಲ್ಲಿ ನಾಲ್ಕನೇ ಗೇರಿಗೆ ಹಾಕಿ ಪೂರ್ತಿ ಒತ್ತಿ. ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ವೃತ್ತ ಹಾಕಿ, ಟಕ್ ಟಕ್ ಎಂದರೆ ಚಕ್ರ ತಿರುಗಿಸುವ ಆಕ್ಸಲ್ಲಿನ ಸಿವಿ ಜಾಯಿಂಟ್ ಸವೆದಿದೆ. ಹಂಪಿನಲ್ಲಿ ಕಟಕಟ ಎಂದರೆ ಲಿಂಕ್ ರಾಡ್, ಲೋಯರ್ ಆರ್ಮ್ ಬುಷ್, ಶಾಕ್ ಮೌಂಟಿಂಗ್. ವೇಗ ಹೆಚ್ಚಿದಂತೆ ಏರುವ ಗೂಂಯ್ ಸದ್ದು ಕಾರನ್ನು ಎಡಕ್ಕೋ ಬಲಕ್ಕೋ ವಾಲಿಸಿದಾಗ ಬದಲಾದರೆ ವೀಲ್ ಬೇರಿಂಗ್. ಇವೆಲ್ಲ ಲೆಕ್ಕಕ್ಕೆ ಸಿಗುವ ಸಂಗತಿಗಳು, ಬರೆದಿಟ್ಟುಕೊಳ್ಳಿ, ಹೆದರಬೇಡಿ. ಗೇರು ತಾನಾಗಿ ನ್ಯೂಟ್ರಲ್ಲಿಗೆ ಜಿಗಿದರೆ ಮಾತ್ರ ಗೇರ್‌ಬಾಕ್ಸ್ ಬಿಚ್ಚಬೇಕು. ಅಂಥದ್ದಕ್ಕೆ ಬೆಲೆ ಕೇಳಿಕೊಂಡೇ ಮುಂದುವರಿಯಿರಿ.

ಬ್ರೇಕ್ ಪರೀಕ್ಷೆ: ಎಂಜಿನ್ ಆಫ್ ಮಾಡಿ ಪೆಡಲನ್ನು ನಾಲ್ಕೈದು ಸಲ ಒತ್ತಿ ಗಟ್ಟಿಯಾಗಿಸಿ, ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲು ಸ್ವಲ್ಪ ಕೆಳಗಿಳಿದರೆ ಬೂಸ್ಟರ್ ಸರಿಯಿದೆ. ಒತ್ತಿ ಹಿಡಿದಷ್ಟೂ ತಳಕ್ಕೆ ಇಳಿಯುತ್ತಲೇ ಇದ್ದರೆ ಮಾಸ್ಟರ್ ಸಿಲಿಂಡರ್ ಹೋಗಿದೆ ಅಥವಾ ಎಲ್ಲೋ ಸೋರುತ್ತಿದೆ. ಆ ಕಾರನ್ನು ಇನ್ನೊಂದು ಮಾರೂ ಓಡಿಸಬೇಡಿ.

ಕೊನೆಗೆ ಎಸಿ ಹಾಕಿ, ಹದಿನೈದು ನಿಮಿಷ ಒಂದೇ ಕಡೆ ನಿಲ್ಲಿಸಿ ಐಡ್ಲಿಂಗಿನಲ್ಲಿ ಬಿಡಿ. ಟೆಂಪರೇಚರ್ ಮುಳ್ಳು ನಡುವೆ ಬಂದು ನಿಲ್ಲಬೇಕು, ಫ್ಯಾನ್ ಬಂದು ಹೋಗುತ್ತಿರಬೇಕು. ಹೆದ್ದಾರಿಯಲ್ಲಿ ಸರಿಯಿದ್ದು ಇಲ್ಲಿ ಮುಳ್ಳು ಏರಿದರೆ ಫ್ಯಾನ್ ಅಥವಾ ರೇಡಿಯೇಟರ್. ಹೆದ್ದಾರಿಯಲ್ಲೂ ಏರಿದರೆ ಹೆಡ್ ಗ್ಯಾಸ್ಕೆಟಿನ ಸಂಶಯ. ಬಿಸಿಯಾಗುವ ಎಂಜಿನ್ ಎಂಬುದು ಹಳೆ ಕಾರಿನಲ್ಲಿ ಅತಿ ದುಬಾರಿ ಸುಳ್ಳು ಹುಟ್ಟುವ ಜಾಗ. ‘ಥರ್ಮೋಸ್ಟಾಟ್ (ಕೂಲೆಂಟ್ ಹರಿವು ತೆರೆದು ಮುಚ್ಚುವ ವಾಲ್ವ್) ಅಷ್ಟೇ’ ಎಂದು ಮಾರಿದ್ದು ಹೆಡ್ ಸೊಟ್ಟಗಾದದ್ದಾಗಿರುತ್ತದೆ. ಕೆಲವರು ಥರ್ಮೋಸ್ಟಾಟನ್ನೇ ಕಿತ್ತುಹಾಕಿ, ಫ್ಯಾನಿಗೆ ನೇರ ಸ್ವಿಚ್ ಕೊಟ್ಟು ಮುಳ್ಳು ಇಳಿಸಿಡುತ್ತಾರೆ. ಸ್ಟಾರ್ಟ್ ಮಾಡಿದ ಕ್ಷಣದಿಂದಲೇ ಫ್ಯಾನ್ ತಿರುಗುತ್ತಿದ್ದರೆ, ಎಸಿ ಆಫ್ ಇದ್ದಾಗಲೂ, ಯಾಕೆಂದು ಕೇಳಿ.

ಹಂತ 7: ಮಾರುವವರ ಮಾತಿನ ಅರ್ಥ

‘ಎಸಿಗೆ ಗ್ಯಾಸ್ ಹಾಕಿಸಿದರೆ ಸಾಕು.’ ಗ್ಯಾಸ್ ತಾನಾಗಿ ಖಾಲಿಯಾಗುವ ವಸ್ತುವಲ್ಲ, ಎಲ್ಲೋ ಸೋರಿದೆ. ಪೈಪಿನ ಓ-ರಿಂಗ್ ಆದರೆ ನೂರರ ಲೆಕ್ಕ, ಕಂಡೆನ್ಸರ್ ಆದರೆ ಸಾವಿರದ್ದು, ಡ್ಯಾಷ್‌ಬೋರ್ಡ್ ಬಿಚ್ಚಿ ಕೂಲಿಂಗ್ ಕಾಯಿಲ್ ಬದಲಿಸಬೇಕಾದರೆ ಕೂಲಿಯೇ ದೊಡ್ಡದು. ಅಷ್ಟೇ ಸಾಕಾಗಿದ್ದರೆ ಅವರೇ ಹಾಕಿಸಿ, ಬೆಲೆ ಏರಿಸಿ ಮಾರುತ್ತಿದ್ದರು.

‘ಸೆನ್ಸರ್ ಪ್ರಾಬ್ಲಂ ಅಷ್ಟೇ.’ ಸ್ಕ್ಯಾನರ್ ಹಾಕಿಸಿ ಅದು ತೋರಿಸುವ ದೋಷದ ಕೋಡ್ ಬರೆದುಕೊಳ್ಳಿ, ಅಳಿಸಿ, ಮತ್ತೆ ಓಡಿಸಿ. ಅದೇ ಕೋಡ್ ತಿರುಗಿ ಬಂದರೆ ದೋಷ ನಿಜ. ನೋಡುವ ದಿನವೇ ಯಾರೋ ಕೋಡ್ ಅಳಿಸಿರಲೂಬಹುದು, ಅದಕ್ಕೇ ಮುಕ್ಕಾಲು ಗಂಟೆ ಓಡಿಸಿದ ಮೇಲೆ ಸ್ಕ್ಯಾನ್ ಮಾಡಿಸಬೇಕು.

‘ಎರಡು ವರ್ಷದಿಂದ ನಿಂತಿದೆ, ಬ್ಯಾಟರಿ ಡೌನ್ ಅಷ್ಟೇ, ಓಡೇ ಇಲ್ಲ.’ ಕಡಿಮೆ ಓಡಿದ ಕಾರು ಎಂದು ಕೊಳ್ಳುವವರು ಹಿಗ್ಗುತ್ತಾರೆ. ನಿಂತ ಕಾರು ಓಡಿದ ಕಾರಿಗಿಂತ ಹೆಚ್ಚು ಕೆಡುತ್ತದೆ. ಟ್ಯಾಂಕಿನಲ್ಲಿ ಪೆಟ್ರೋಲು ಹಳಸಿ ಅಂಟಾಗುತ್ತದೆ, ತಳದಲ್ಲಿ ನೀರು ಕೂತು ತುಕ್ಕು ಹಿಡಿಯುತ್ತದೆ. ಬ್ರೇಕ್ ಕ್ಯಾಲಿಪರು, ಹಿಂದಿನ ವೀಲ್ ಸಿಲಿಂಡರು ಜಾಮ್ ಆಗುತ್ತವೆ. ಆಯಿಲ್ ಸೀಲುಗಳು ಒಣಗಿ, ಓಡಿಸಲು ಶುರುಮಾಡಿದ ತಿಂಗಳಲ್ಲಿ ಸೋರತೊಡಗುತ್ತವೆ. ಎಲ್ಲಕ್ಕಿಂತ ಇಲಿ ಕಾಟ. ಬಾನೆಟ್ ಒಳಗಿನ ಹತ್ತಿಯ ಹೊದಿಕೆ ಹರಿದು ಗೂಡು ಕಟ್ಟಿದ್ದರೆ, ವೈರಿನ ಮೇಲೆ ಹಲ್ಲಿನ ಗುರುತಿದ್ದರೆ, ಎಲೆಕ್ಟ್ರಿಷಿಯನ್ ನೋಡುವವರೆಗೆ ಬೆಲೆಯ ಮಾತೇ ಬೇಡ. ಇಂಥ ಕಾರಿಗೆ ಬ್ಯಾಟರಿ ಹಾಕಿಸಿ ಸ್ಟಾರ್ಟ್ ಮಾಡಿ ತೋರಿಸುವುದು ಮಾರುವವರ ಕೆಲಸ.

ಮೀಟರಿನ ಮಾತೂ ಹಾಗೇ. 45,000 ಕಿಲೋಮೀಟರ್ ಎನ್ನುವ ಕಾರಿನ ಕ್ಲಚ್ ಪೆಡಲಿನ ರಬ್ಬರ್ ನುಣ್ಣಗಾಗಿದ್ದರೆ, ಸ್ಟೀರಿಂಗ್ ಹೊಳೆಯುತ್ತಿದ್ದರೆ, ಚಾಲಕನ ಸೀಟಿನ ಬಲ ಅಂಚು ಕುಸಿದಿದ್ದರೆ ಮೀಟರನ್ನು ಹಿಂದಕ್ಕೆ ತಿರುಗಿಸಿದ್ದಾರೆ. ಕಂಪನಿಯ ಸರ್ವೀಸ್ ಸೆಂಟರಿನಲ್ಲಿ ಮಾಲೀಕರ ಜೊತೆ ಹೋಗಿ ನಂಬರ್ ಹೇಳಿದರೆ ಹಳೆ ಜಾಬ್ ಕಾರ್ಡುಗಳ ಕಿಲೋಮೀಟರ್ ಸಿಗಬಹುದು.

ಹಂತ 8: ಗ್ಯಾರೇಜಿನ ಒಂದು ಗಂಟೆ

ಇಷ್ಟರಲ್ಲಿ ಉಳಿದ ಕಾರನ್ನು ಮಾತ್ರ ನಿಮ್ಮ ಮೆಕ್ಯಾನಿಕ್ ಹತ್ತಿರ ಒಯ್ಯಿರಿ. ಮಾರುವವರ ಪರಿಚಯದ ಗ್ಯಾರೇಜು ಬೇಡ. ಅವರಿಗೆ ಕೂಲಿ ಕೊಟ್ಟು ಮೂರು ಕೆಲಸ ಮಾಡಿಸಿ. ಲಿಫ್ಟಿನ ಮೇಲೆ ಏರಿಸಿ ತಳ ತೋರಿಸುವುದು ಒಂದು. ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಹುಟ್ಟುವ ಒತ್ತಡ, ಅಳೆಯುವುದು ಇನ್ನೊಂದು: ಸಾಮಾನ್ಯ ಪೆಟ್ರೋಲ್ ಎಂಜಿನ್ನಿಗೆ ಪ್ರತಿ ಸಿಲಿಂಡರಿನಲ್ಲಿ 150 ಪಿಎಸ್‌ಐಗಿಂತ ಹೆಚ್ಚಿರಬೇಕು, ಸಿಲಿಂಡರುಗಳ ನಡುವೆ 10–15 ಶೇಕಡಕ್ಕಿಂತ ವ್ಯತ್ಯಾಸ ಇರಬಾರದು. ಮೂರು ಸಿಲಿಂಡರಿನ ಕಾರಿನಲ್ಲಿ ಮೂರೂ 165 ಇರುವ ಎಂಜಿನ್ 185, 180, 125 ಇರುವ ಎಂಜಿನ್ನಿಗಿಂತ ಎಷ್ಟೋ ಮೇಲು. ಮೂರನೆಯದು ಮಲ್ಟಿಮೀಟರ್: ಎಂಜಿನ್ ಆಫ್ ಇದ್ದಾಗ ಬ್ಯಾಟರಿ 12.6 ವೋಲ್ಟ್ ಹತ್ತಿರ, ಓಡುವಾಗ 13.8ರಿಂದ 14.5. ಓಡುವಾಗ ಕಡಿಮೆಯಾದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ನೋಡಬೇಕು.

ಟೈರಿನ ಪಕ್ಕದ ನಾಲ್ಕಂಕಿ ನೀವೇ ಓದಿಕೊಳ್ಳಿ. 2319 ಎಂದರೆ 2019ರ 23ನೇ ವಾರದ್ದು. ಮೇಲಿನ ಗೆರೆಗಳು (ಟ್ರೆಡ್) ಎಷ್ಟೇ ಉಳಿದಿದ್ದರೂ ಆರೇಳು ವರ್ಷವಾದ ಟೈರಿನ ರಬ್ಬರ್ ಗಟ್ಟಿಯಾಗಿ ಮಳೆಯಲ್ಲಿ ಜಾರುತ್ತದೆ, ಬದಲಿಸುವ ಪಟ್ಟಿಗೆ ಸೇರಿಸಿ.

ಹಂತ 9: ಲೆಕ್ಕ

ಅದೇ ಮಾಡೆಲ್, ಅದೇ ವರ್ಷದ, ತೊಂದರೆಯಿಲ್ಲದ ಕಾರು ನಿಮ್ಮ ಊರಿನಲ್ಲಿ ಎಷ್ಟಕ್ಕೆ ಹೋಗುತ್ತಿದೆ ಎಂಬುದರಿಂದ ಶುರುಮಾಡಿ. ಉದಾಹರಣೆಗೆ 2011ರ ವ್ಯಾಗನ್ ಆರ್ ಒಂದಕ್ಕೆ 1,75,000 ಎಂದಿಟ್ಟುಕೊಳ್ಳಿ. ಅಂಕಿಗಳು ಲೆಕ್ಕದ ಬಗೆ ತೋರಿಸಲು ಮಾತ್ರ, ನಿಮ್ಮ ಗ್ಯಾರೇಜಿನ ದರ ಹಾಕಿಕೊಳ್ಳಿ. ಕ್ಲಚ್ ಸೆಟ್ ಕೂಲಿ ಸೇರಿ 8,500, ಮುಂದಿನ ಶಾಕ್ ಮತ್ತು ಬುಷ್ ಕೆಲಸ 11,000, ನಾಲ್ಕು ಟೈರು 13,600, ಎಸಿ ಕಂಡೆನ್ಸರ್ ಮತ್ತು ಗ್ಯಾಸ್ 7,500, ಬ್ಯಾಟರಿ 4,200, ಎಣ್ಣೆ, ಫಿಲ್ಟರು, ಆಲ್ಟರ್ನೇಟರ್ ಬೆಲ್ಟು 6,000. ಒಟ್ಟು 50,800. ಆರ್‌ಸಿ ನವೀಕರಣ, ವರ್ಗಾವಣೆ, ವಿಮೆ, ಹೊಗೆ ತಪಾಸಣೆಗೆ 12,000. ಈ 12,000ದಲ್ಲೇ ಸೇರಿದ, 1,000 ಸಿಸಿವರೆಗಿನ ಕಾರಿನ ಥರ್ಡ್ ಪಾರ್ಟಿ ವಿಮೆಗೆ 2022ರ ಜೂನಿನಲ್ಲಿ ನಿಗದಿಯಾದ ಮೂಲ ದರ 2,094 ರೂಪಾಯಿ, ಮೇಲೆ ಜಿಎಸ್‌ಟಿ. ಇನ್ನು ಕಣ್ಣಿಗೆ ಬೀಳದ ದೋಷಗಳಿಗಾಗಿ ರಿಪೇರಿ ಮೊತ್ತದ ಕಾಲು ಭಾಗ, 12,700. ಎಲ್ಲ ಕೂಡಿಸಿದರೆ 75,500. ಅಂದರೆ ಈ ಕಾರು 99,500ಕ್ಕಿಂತ ಹೆಚ್ಚು ಬಾಳದು.

ಆದರೆ 99,500 ಕೊಟ್ಟರೆ ನಿಮಗೆ ಸಿಕ್ಕ ಲಾಭ ಸೊನ್ನೆ. ಅಷ್ಟೇ ದುಡ್ಡಿಗೆ ಒಳ್ಳೆಯ ಕಾರು ಸಿಗುವಾಗ ಗ್ಯಾರೇಜಿನ ಬಾಗಿಲು ಕಾಯುವುದೇಕೆ? ಅಲೆದಾಟಕ್ಕೆ ಒಂದು ಹತ್ತು ಹದಿನೈದು ಸಾವಿರ ಇಳಿಸಿ, 85,000ಕ್ಕೆ ನಿಲ್ಲಿ. ದೋಷಗಳ ಪಟ್ಟಿ, ಗ್ಯಾರೇಜಿನ ಅಂದಾಜು ಮುಂದಿಟ್ಟು ಮಾತಾಡಿದರೆ ಜಗಳವಿಲ್ಲದೆ ಬೆಲೆ ಇಳಿಯುತ್ತದೆ. ಅವರು 1,30,000ದಿಂದ ಕದಲದಿದ್ದರೆ ಬಿಟ್ಟುಬಿಡಿ. ಮುಂಗಡ ಕೊಟ್ಟಾಗಿದೆ ಎಂಬ ಒಂದೇ ಕಾರಣಕ್ಕೆ ಕೆಟ್ಟ ಕಾರು ಮನೆಗೆ ತಂದವರು ಬಹಳ. ಇಷ್ಟರವರೆಗೆ ಮುಂಗಡ ಕೊಡಬೇಡಿ ಎಂಬುದು ಅದಕ್ಕೇ.

ಇನ್ನೊಂದು ಮಾತು, ಹಣದ್ದಲ್ಲ. ಆ ಕಾಲದ ಕೆಳದರ್ಜೆಯ ಮಾಡೆಲ್‌ಗಳಲ್ಲಿ ಏರ್‌ಬ್ಯಾಗ್, ಎಬಿಎಸ್ ಇರುತ್ತಿರಲಿಲ್ಲ, ಇವು ಕಡ್ಡಾಯವಾದದ್ದು 2019ರಲ್ಲಿ. ಹೆದ್ದಾರಿಯಲ್ಲಿ ಮಕ್ಕಳನ್ನು ಕೂರಿಸಿ ದೂರ ಹೋಗುವವರಾದರೆ ಇದನ್ನೂ ತೂಗಿ ನೋಡಿ.

ಹಂತ 10: ದುಡ್ಡು, ಕೀಲಿ, ಮೊದಲ ವಾರ

ಬ್ಯಾಂಕ್ ಮೂಲಕವೇ ಹಣ ಕೊಡಿ. ಮುಂಗಡಕ್ಕೆ ರಸೀದಿ ಬರೆಸಿ, ಅದರಲ್ಲಿ ‘ವರ್ಗಾವಣೆ ಆಗದಿದ್ದರೆ ಹಿಂದಿರುಗಿಸತಕ್ಕದ್ದು’ ಎಂಬ ಸಾಲು ಇರಲಿ. ವರ್ಗಾವಣೆ ಅರ್ಜಿಯ ಒಟಿಪಿ ಮುಗಿದು ರಸೀದಿ ಬಂದ ಮೇಲೆ ಬಾಕಿ. ಫಾರಂ 29, 30, ಮೂಲ ಆರ್‌ಸಿ, ವಿಮೆ, ಹೊಗೆ ತಪಾಸಣೆ ಪತ್ರ, ಎರಡೂ ಕೀಲಿ ಕೈಗೆ ಬರಬೇಕು. ಡೆಲಿವರಿ ಪತ್ರದಲ್ಲಿ ದಿನಾಂಕದ ಜೊತೆ ಗಂಟೆಯನ್ನೂ ಬರೆಯಿರಿ, ಅಂದು ಬೆಳಿಗ್ಗೆಯ ಸಿಗ್ನಲ್ ದಂಡ ಯಾರದೆಂಬ ಜಗಳ ತಪ್ಪುತ್ತದೆ. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ. ಹಳೆಯವರ ನೋ ಕ್ಲೈಮ್ ಬೋನಸ್ ಅವರದ್ದೇ, ಕಾರಿನ ಜೊತೆ ಬರುವುದಿಲ್ಲ.

ರಿಪೇರಿಯನ್ನು ಎಸಿಯಿಂದ ಶುರುಮಾಡುವುದು ಎಲ್ಲರೂ ಮಾಡುವ ತಪ್ಪು. ಮೊದಲು ಬ್ರೇಕು ಮತ್ತು ಟೈರು. ಆಮೇಲೆ ಎಂಜಿನ್ ಆಯಿಲ್, ಎಲ್ಲ ಫಿಲ್ಟರು, ಕೂಲೆಂಟ್, ಬ್ರೇಕ್ ಫ್ಲೂಯಿಡ್, ಬೆಲ್ಟಿನ ಎಂಜಿನ್ ಆದರೆ ಟೈಮಿಂಗ್ ಬೆಲ್ಟು ಮತ್ತು ಅದರ ಬೇರಿಂಗು. ಹಿಂದಿನವರು ‘ಮೊನ್ನೆ ತಾನೇ ಹಾಕಿಸಿದ್ದು’ ಎಂದಿದ್ದರೂ ಸರಿ. ಪೆಟ್ರೋಲ್ ಕಾರಾದರೆ ಇಂಧನದ ರಬ್ಬರ್ ಪೈಪುಗಳನ್ನೂ ಬದಲಿಸಿ, ಈಗಿನ 20 ಶೇಕಡ ಎಥನಾಲ್ ಬೆರೆತ ಪೆಟ್ರೋಲಿಗಾಗಿ ಆ ಕಾಲದ ರಬ್ಬರ್ ಮಾಡಿದ್ದಲ್ಲ. ಆಯಿಲ್ ಬದಲಿಸಿದ ದಿನ ಡಿಪ್‌ಸ್ಟಿಕ್ಕಿನ ಮಟ್ಟ, ಕೂಲೆಂಟ್ ಬಾಟಲಿಯ ಮಟ್ಟ ಎರಡರ ಫೋಟೊ ತೆಗೆದಿಟ್ಟು, 500 ಕಿಲೋಮೀಟರಿಗೊಮ್ಮೆ ಹೋಲಿಸಿ. ಎರಡೂ ಇದ್ದಲ್ಲೇ ಇದ್ದರೆ, ಆಗ ಎಸಿ ಕೆಲಸಕ್ಕೆ ಕೈಹಾಕಿ.